ಒಣಹಳ್ಳದಲ್ಲಿ ತೊಳೆದ ಗಾಡಿ

ಮಸ್ಕತ್ತು, ಗುರುವಾರ

ಮಸ್ಕತ್ತಿಗೆ ಹೋಗಿ ಬಂದೆ ಅಂದರೆ ನಮ್ಮ ಪಾಂಡವಪುರದವರು ಮೊದಲು ಕೇಳುವುದು ಚಿನ್ನ ತಂದ್ರಾ ಅಂತ, ಆಮೇಲೆ ಒಂಟೆ ನೋಡಿದ್ರಾ ಅಂತ. ಚಿನ್ನ ತರಲಿಲ್ಲ. ಒಂಟೆ ನೋಡಿದೆ. ರಸ್ತೆಗೆ ಅಡ್ಡ ನಿಂತು ಹಾರನ್ ಹೊಡೆದರೂ ಜಗ್ಗದೆ ನಮ್ಮ ಎಮ್ಮೆಗಳ ಹಾಗೇ ಮುಖ ತಿರುಗಿಸಿತು. ಇದಿಷ್ಟು ಹೇಳಿದರೆ ಕೇಳಿದವರಿಗೆ ತೃಪ್ತಿ. ಅದಕ್ಕಿಂತ ಹೆಚ್ಚಿಗೆ ಯಾರೂ ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ಬಿಡದೇ ಇದ್ದದ್ದನ್ನು ಈಗ ಬರೆಯುತ್ತಿದ್ದೇನೆ.

ನಾನು ಟ್ರಾಕ್ಟರ್ ರಿಪೇರಿಯವನು. ನಾಲೆಯ ಪಕ್ಕದಲ್ಲೇ ನನ್ನ ಶೆಡ್ಡು. ಡೀಸೆಲ್ ಎಂಜಿನ್ ದೂರದಲ್ಲಿ ಕೆಮ್ಮಿದರೂ ಎಲ್ಲಿ ರೋಗ ಅಂತ ಹೇಳಬಲ್ಲೆ ಎಂಬ ಜಂಬ ನನಗುಂಟು. ಹೆಂಡತಿ ಜಯಮ್ಮ ನಾಗಮಂಗಲದ ದೇವಲಾಪುರದ ಕಡೆಯವಳು. ಅಲ್ಲಿ ನಾಲೆ ಇಲ್ಲ, ಗದ್ದೆ ಇಲ್ಲ, ಮಳೆ ಬಂದರೆ ರಾಗಿ. ಅವಳ ತಮ್ಮ ಪುಟ್ಟರಾಜು ನನ್ನ ಶೆಡ್ಡಿನಲ್ಲೇ ಸ್ಪ್ಯಾನರ್ ಹಿಡಿಯಲು ಕಲಿತವನು. ಐದು ವರ್ಷದ ಹಿಂದೆ ಮಸ್ಕತ್ತಿನ ಒಂದು ರಸ್ತೆ ಕಂಪನಿಗೆ ಮೆಕ್ಯಾನಿಕ್ಕಾಗಿ ಹೋದ. ಅಕ್ಕ ಭಾವ ಒಂದು ಸಲವಾದರೂ ಬರಬೇಕು ಅಂತ ಹಟ ಹಿಡಿದು ನಮಗಿಬ್ಬರಿಗೂ ಕಾಗದ ಪತ್ರ ಮಾಡಿಸಿದ್ದೂ ಅವನೇ.

ಗುರುವಾರ ಸಂಜೆ ಅವನ ರೂಮಿನಲ್ಲಿ ಮುದ್ದೆ ತಿನ್ನುತ್ತಾ ಕೂತಿದ್ದಾಗ ಅವನು ಒಂದು ಸುದ್ದಿ ಹೇಳಿದ. ಕಂಪನಿಯವರು ಅವನನ್ನು ಫೋರ್‌ಮನ್ ಮಾಡುತ್ತಾರಂತೆ. ಫೋರ್‌ಮನ್‌ಗೆ ಕಂಪನಿಯೇ ಮನೆ ಕೊಡುತ್ತದೆ. ಸಿಂಧಘಟ್ಟದಲ್ಲಿ ತವರಿನಲ್ಲಿರುವ ಹೆಂಡತಿ ಸುಧಾಳನ್ನೂ ಮೂರು ವರ್ಷದ ಮಗಳನ್ನೂ ಕರೆಸಿಕೊಳ್ಳಬಹುದು. ಆ ಮಗಳು ಹುಟ್ಟಿದಾಗ ಅವನು ಒಂದು ಸಲ ರಜೆಯಲ್ಲಿ ಬಂದು ನೋಡಿದ್ದು, ಅಷ್ಟೆ.

"ಅರ್ಜಿ ಕೊಟ್ಟಿವ್ನಿ ಭಾವ. ಸನಿವಾರ ಬೆಳಿಗ್ಗೆ ಮ್ಯಾನೇಜರು ಸಹಿ ಆಕ್ತಾರೆ" ಎಂದ.

"ಅಂಗಾದ್ರೆ ನಾಳೆ ಸುಮ್ಕೆ ಮನೇಲಿರು. ಬೆಟ್ಟ ಗಿಟ್ಟ ಯಾಕ್ಲಾ?" ಎಂದೆ.

"ನಿಮ್ಗೆ ತೋರ್ಸದೇ ಕಳಿಸ್ಬುಡದಾ? ಮ್ಯಾನೇಜರು ಅವರ್ ಸ್ವಂತ ಗಾಡೀನೇ ಕೊಟ್ಟವ್ರೆ. ನನ್ನ ನಂಬಿ ಕೊಟ್ಟವ್ರೆ ಭಾವ. ಎಂಗ್ ತಗೊಂಡೋದ್ನೋ ಅಂಗೇ ತಂದು ನಿಲ್ಲುಸ್ಬೇಕು."

ಕಿಟಕಿಯಿಂದ ಬಗ್ಗಿ ನೋಡಿದೆ. ನಾಲ್ಕು ಚಕ್ರಕ್ಕೂ ಎಂಜಿನ್ ಬಲ ಹೋಗುವ ದೊಡ್ಡ ಜೀಪಿನಂಥ ಗಾಡಿ, ಹಾಲಿನ ಬಿಳುಪು. ಪುಟ್ಟರಾಜು ಮಲಗುವ ಮುಂಚೆ ಎರಡು ಸಲ ಕೆಳಗಿಳಿದು ಅದರ ಬಾಗಿಲು ಎಳೆದು ನೋಡಿ ಬಂದ.

ಡಾಂಬರು ಮುಗಿದ ಕಡೆ

ಶುಕ್ರವಾರ ಅಲ್ಲಿ ರಜೆ. ಬೆಳಿಗ್ಗೆ ಮೂರು ಗಾಡಿ ಹೊರಟವು. ಮುಂದಿನದು ಸಾಲಿಂ ಎಂಬ ಆ ದೇಶದವರದು. ಐವತ್ತು ದಾಟಿದ ಒಣಕಲು ಮನುಷ್ಯ, ಕಂಪನಿಗೆ ಬೆಟ್ಟದ ದಾರಿಗಳನ್ನು ತೋರಿಸುವವರು. ನಡುವಿನದರಲ್ಲಿ ಪುಟ್ಟರಾಜುವಿನ ಜೊತೆಯ ನಾಲ್ವರು ಕೇರಳದವರು. ಕೊನೆಯದು ನಮ್ಮದು.

ಡಾಂಬರು ಮುಗಿದು ಜಲ್ಲಿ ಶುರುವಾದ ಕಡೆ ಸಾಲಿಂ ಇಳಿದು ಮಂಡಿಯೂರಿ ಕೂತರು. ಒಂದೊಂದೇ ಟಯರಿನ ಗಾಳಿಯನ್ನು ಬುಸ್ಸೆಂದು ಬಿಡತೊಡಗಿದರು. ನನಗೆ ತಡೆಯಲಾಗಲಿಲ್ಲ.

"ದಾರಿ ಕೆಟ್ಟದು ಅಂತ ಗಾಳಿ ತುಂಬ್ಸೋದು ಬುಟ್ಟು ಇರೋ ಗಾಳೀನೂ ತೆಗೀತಾವ್ನಲ್ಲ ಈವಯ್ಯ!"

"ಟಯರು ಅಗಲಾಗಿ ಮರಳು ಕಲ್ಲು ಎಲ್ಡನ್ನೂ ಕಚ್ಕತದೆ ಭಾವ" ಎಂದ ಪುಟ್ಟರಾಜು. ನಾನು ಮುಖ ಸಿಂಡರಿಸಿದೆ. ಆಮೇಲೆ ನೋಡಿದರೆ ಅವರು ಮಾಡಿದ್ದೇ ಸರಿ, ಗಾಡಿ ಒಂದು ಕಡೆಯೂ ಹೂತುಕೊಳ್ಳಲಿಲ್ಲ.

ಗಾಳಿ ಬಿಟ್ಟಾದ ಮೇಲೆ ಸಾಲಿಂ ನಮ್ಮನ್ನೆಲ್ಲ ಸುತ್ತ ನಿಲ್ಲಿಸಿಕೊಂಡು ತಮಗೆ ಬರುವ ಹಿಂದಿಯಲ್ಲಿ ಎರಡು ಮಾತು ಹೇಳಿದರು. ಮುಂದಿನ ಗಾಡಿಯ ಧೂಳು ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲೇ ಬನ್ನಿ. ವಾದಿಯಲ್ಲಿ ಗಾಡಿ ನಿಲ್ಲಿಸಬೇಡಿ. ವಾದಿ ಎಂದರೆ ಬೆಟ್ಟಗಳ ನಡುವಿನ ಒಣಹಳ್ಳ. ನಮ್ಮ ದಾರಿ ಅಲ್ಲಲ್ಲಿ ಅದರೊಳಗೇ ಇಳಿದು ಹತ್ತುತ್ತಿತ್ತು. ಆಕಾಶ ತೊಳೆದಂತಿದ್ದರೂ ನಿಲ್ಲಿಸಬೇಡಿ ಎಂದು ಎರಡನೇ ಸಲವೂ ಹೇಳಿದರು.

ನಾನು ನಕ್ಕೆ. ಸುತ್ತಮುತ್ತ ಒಂದು ಹಸಿರು ಗರಿಕೆ ಇಲ್ಲದ ಕಡೆ ನೀರಿಗೆ ಹೆದರುತ್ತಾರಲ್ಲ ಇವರು ಅನ್ನಿಸಿತು. ಜಯಮ್ಮ ನಗಲಿಲ್ಲ.

"ನಮ್ಮೂರ ಅಳ್ಳಾನೂ ಅಂಗೇ ಕಣ್ರೀ. ಮಳೆ ಎಲ್ಲೋ ಉಯ್ತದೆ, ನೀರು ಇಲ್ಲಿಗ್ ಬತ್ತದೆ."

"ನಿಮ್ಮೂರ ಅಳ್ಳದಲ್ಲಿ ನೀರು ಕಂಡೋರು ಯಾರವ್ರೆ ಬುಡು" ಎಂದೆ. ಮದುವೆಯಾದಾಗಿನಿಂದ ಆಡುತ್ತಿರುವ ಹಾಸ್ಯ ಅದು. ಅವಳು ಸೆರಗು ಎಳೆದುಕೊಂಡು ಕಿಟಕಿಯ ಕಡೆ ತಿರುಗಿದಳು.

ಬೆಟ್ಟದ ಮೇಲೆ

ಆ ಬೆಟ್ಟಗಳನ್ನು ಹೇಗೆ ಹೇಳುವುದು? ನಮ್ಮ ಕುಂತಿಬೆಟ್ಟದಲ್ಲಿ ಬಂಡೆ ಇದ್ದರೂ ನಡುನಡುವೆ ಗಿಡ ಇದೆ, ಮೇಕೆ ಇದೆ, ಯಾರೋ ಕೂಗುವ ಸದ್ದಿದೆ. ಇಲ್ಲಿ ಬರೀ ಕಲ್ಲು. ಒಂದು ಬೆಟ್ಟ ಮುಗಿಯಿತು ಅನ್ನುವಷ್ಟರಲ್ಲಿ ಹಿಂದೆ ಇನ್ನೊಂದು, ಅದೂ ಕಲ್ಲೇ. ಬೆಟ್ಟದ ಪಕ್ಕೆಯನ್ನು ಕೊರೆದು ಮಾಡಿದ ದಾರಿ ಒಂದು ಗಾಡಿಯಷ್ಟೇ ಅಗಲ. ಸ್ಟಿಯರಿಂಗ್ ಎಡಗಡೆ ಇರುವುದರಿಂದ ಪುಟ್ಟರಾಜು ಬೆಟ್ಟದ ಕಡೆ, ನಾನು ಪ್ರಪಾತದ ಕಡೆ. ಬಗ್ಗಿ ನೋಡಿದರೆ ಚಕ್ರದ ಪಕ್ಕ ಒಂದು ಗೇಣು ನೆಲ, ಅದರಾಚೆ ಏನೂ ಇಲ್ಲ. ಇಲ್ಲದ ಬ್ರೇಕನ್ನು ತುಳಿದು ತುಳಿದು ನನ್ನ ಬಲಗಾಲು ಮರಗಟ್ಟಿಹೋಯಿತು. ಹಿಂದಿನ ಸೀಟಿನಲ್ಲಿ ಜಯಮ್ಮ ಮನೆದೇವರ ಹೆಸರು ಹಿಡಿದವಳು ಬಿಡಲೇ ಇಲ್ಲ.

ಒಂದು ತಿರುವಿನಲ್ಲಿ ಜಾಲಿಯಂಥ ಮುಳ್ಳುಗಿಡ ಗಾಡಿಯ ಪಕ್ಕೆಗೆ ಸರ್ರೆಂದು ಗೀರಿತು. ಪುಟ್ಟರಾಜು ದಾರಿ ಅಗಲವಾದ ಕೂಡಲೇ ನಿಲ್ಲಿಸಿ ಇಳಿದು, ಗೀರಿನ ಮೇಲೆ ಎಂಜಲು ಹಚ್ಚಿ ಅಂಗಿಯ ಚುಂಗಿನಿಂದ ಉಜ್ಜಿದ.

"ಓಯ್ತದಾ ಭಾವ?"

"ಬಣ್ಣ ಓಗಿಲ್ಲ ಕಣ್ಲಾ, ಬರೀ ಧೂಳು. ತೊಳೆದ್ರೆ ಓಯ್ತದೆ ಬುಡು" ಎಂದೆ. ನಾನೇ ಆಡಿದ ಮಾತು ಅದು.

ಮಧ್ಯಾಹ್ನ ಬಂಡೆಯ ನೆರಳಿನಲ್ಲಿ ಸಾಲಿಂ ಚಾಪೆ ಹಾಸಿ ಖರ್ಜೂರ, ಏಲಕ್ಕಿ ಹಾಕಿದ ಕಹಿ ಕಾಫಿ ಕೊಟ್ಟರು. ಕಾಫಿಯ ಬಟ್ಟಲು ನಮ್ಮ ದೊಡ್ಡ ಹಣತೆಯಷ್ಟಿರುತ್ತದೆ. ಕುಡಿದಿಟ್ಟರೆ ಮತ್ತೆ ಹುಯ್ದರು. ಮರ್ಯಾದೆಗೆ ಕುಡಿದೆ, ಮತ್ತೆ ಹುಯ್ದರು. ಏಳನೇ ಬಟ್ಟಲಿಗೆ ನಾನು ಕಣ್ಣು ಕಣ್ಣು ಬಿಟ್ಟಾಗ ಕೇರಳದವರಲ್ಲೊಬ್ಬ, ಸಾಕು ಅನ್ನುವುದಕ್ಕೆ ಬಟ್ಟಲನ್ನು ಅತ್ತಿತ್ತ ಅಲ್ಲಾಡಿಸಿ ಕೊಡಬೇಕು ಎಂದು ತೋರಿಸಿಕೊಟ್ಟ. ಎಲ್ಲರೂ ನಕ್ಕರು. ಸಾಲಿಂ ನಗುತ್ತಾ ನನ್ನ ಹೆಗಲು ತಟ್ಟಿದರು. ಪುಟ್ಟರಾಜು ಮಾತ್ರ ಗಾಡಿಯ ಸುತ್ತ ಸುತ್ತುತ್ತಿದ್ದ.

ಕಣಿವೆಯ ಮಡು

ಊಟ ಆದ ಮೇಲೆ ಸಾಲಿಂ ಮುಂದಿನ ದಾರಿ ಹೇಳಿದರು. ಒಂದು ಇಳಿಜಾರು, ಕೆಳಗೆ ವಾದಿ, ವಾದಿ ದಾಟಿ ಏರು ಹತ್ತಿದರೆ ಒಂದು ಊರು. ನಮಾಜಿಗೆ ಹೊತ್ತಾಯಿತು, ಇನ್ನು ಒಂದೇ ದಾರಿ, ತಾವು ಆ ಊರಿನಲ್ಲಿ ಅದನ್ನು ಮುಗಿಸುವಷ್ಟರಲ್ಲಿ ನೀವೂ ಬನ್ನಿ ಎಂದು ಹೊರಟರು. ಕೇರಳದವರು ಅವರ ಹಿಂದೆ. ಆಗ ನಾನು ಪುಟ್ಟರಾಜುವನ್ನು ಕೇಳಿದೆ:

"ಲೋ, ಒಂಚೂರ್ ದೂರ ಓಡ್ಸಕ್ ಕೊಡ್ಲಾ ನಂಗೆ."

ಅವನು ತಲೆ ಕೆರೆದುಕೊಂಡ. ನಮ್ಮಲ್ಲಿ ಅಕ್ಕನ ಗಂಡ ಬಾಯಿಬಿಟ್ಟು ಕೇಳಿದ ಮೇಲೆ ಹೆಣ್ಣು ಕೊಟ್ಟ ಮನೆಯವರು ಇಲ್ಲ ಅನ್ನುವುದಿಲ್ಲ. ಅದು ನನಗೆ ಗೊತ್ತಿದ್ದೇ ಕೇಳಿದ್ದು. ಕೀ ಕೊಟ್ಟ.

ನೆಟ್ಟಗೆ ಇಳಿಸಿದೆ ಅಂತಲೇ ಹೇಳಬೇಕು. ವಾದಿಯ ತಳ ಬಂತು. ಬಿಳಿ ಉರುಟುಕಲ್ಲು, ಒಂದು ಬಂಡೆಯ ಬುಡದಲ್ಲಿ ಸಣ್ಣ ಮಡು, ತಿಳಿನೀರು. ಗಾಡಿ ನೋಡಿದರೆ ಮೂಗಿನಿಂದ ಬಾಲದವರೆಗೆ ಕೆಂಪು ಧೂಳು. ನಮ್ಮ ಕಡೆ ಆಯುಧಪೂಜೆಗೆ ಟ್ರಾಕ್ಟರನ್ನು ನಾಲೆಯ ಸೋಪಾನದ ಪಕ್ಕಕ್ಕೆ ಇಳಿಸಿ ತಿಕ್ಕಿ ತೊಳೆಯುತ್ತೇವೆ. ನಾಲೆಗೆ ನೀರು ಬಿಟ್ಟಿದ್ದಾರೆ ಅಂದರೆ ಗಾಡಿ ಇಟ್ಟವನ ಕೈ ಸುಮ್ಮನಿರುವುದಿಲ್ಲ. ನನಗೂ ಹಾಗೇ ಆಯಿತು. ಮಡುವಿನ ಪಕ್ಕಕ್ಕೆ ತಂದು ನಿಲ್ಲಿಸಿದೆ.

"ಭಾವ, ಸಾಲಿಂ ನಿಲ್ಲುಸ್ಬ್ಯಾಡಿ ಅಂದವ್ರೆ."

"ಅತ್ತು ನಿಮಿಸ ಕಣ್ಲಾ. ನಾಳೆ ಮದುವಣಗಿತ್ತಿ ಅಂಗೆ ತಂದು ನಿಲ್ಸು ನಿನ್ ಮ್ಯಾನೇಜರ್ ಮುಂದೆ. ಮ್ಯಾಲ್ ನೋಡು, ಎಲ್ಲದೆ ಮೋಡ?"

ತಲೆಯ ಮೇಲೆ ಮೋಡ ಇರಲಿಲ್ಲ. ದೂರದ ಬೆಟ್ಟದ ಹಿಂದೆ ಒಂದು ಕರೀ ಮುದ್ದೆ ಇತ್ತು. ಕಂಡೂ ಕಾಣದವನಂತೆ ಇದ್ದೆ.

ಪುಟ್ಟರಾಜು ಎದುರಾಡಲಿಲ್ಲ. ಬೇಗ ಮುಗಿಯಲಿ ಅಂತ ತಾನೇ ಹಿಂದಿನ ಚಕ್ರಗಳನ್ನು ತಿಕ್ಕಲು ಕೂತ. ಜಯಮ್ಮ ಹಳ್ಳದ ಮೇಲ್ಗಡೆ ಒಂದಷ್ಟು ದೂರ ನಡೆದು ಹೋದಳು. ನಾನು ಪಕ್ಕೆ, ಗಾಜು ಎಲ್ಲ ತೊಳೆದು ಬಾನೆಟ್ ಎತ್ತಿದೆ. ಒಳಗೂ ಹಿಟ್ಟು ಉದುರಿಸಿದಂತೆ ಧೂಳು. ಎಂಜಿನ್ ಆರಿತ್ತು. ಕ್ಯಾನಿನಲ್ಲಿದ್ದ ನೀರನ್ನು ಒಂದೇ ಸಲಕ್ಕೆ ಎರಚಿದೆ, ಶೆಡ್ಡಿನಲ್ಲಿ ದಿನಾ ಎರಚುವ ಹಾಗೆ.

"ಭಾವಾ! ಪೆಟ್ರೋಲ್ ಗಾಡಿ!" ಎಂದು ಪುಟ್ಟರಾಜು ಎದ್ದು ಬಂದಾಗ ಕ್ಯಾನು ಖಾಲಿಯಾಗಿತ್ತು.

ಟ್ರಾಕ್ಟರಿನ ಡೀಸೆಲ್ ಎಂಜಿನ್ನಿಗೆ ಕಿಡಿ ಬೇಕಿಲ್ಲ, ಕೊಡಗಟ್ಟಲೆ ಹುಯ್ದರೂ ಓಡುತ್ತದೆ. ಪೆಟ್ರೋಲ್ ಎಂಜಿನ್ನಿಗೆ ಕಿಡಿಯೇ ಜೀವ. ಆ ಕಿಡಿ ಹಂಚುವ ಡಬ್ಬಿಯೊಳಗೆ ನೀರು ಹೋದರೆ ಮುಗಿಯಿತು. ಇಷ್ಟು ನನ್ನ ಶೆಡ್ಡಿನಲ್ಲಿ ಕಸ ಗುಡಿಸುವವನಿಗೂ ಗೊತ್ತು. ನನಗೂ ಗೊತ್ತು. ಕೈಗೆ ಮಾತ್ರ ಗೊತ್ತಾಗಲಿಲ್ಲ. ಪುಟ್ಟರಾಜು ಒಳಗೆ ಕೂತು ಕೀ ತಿರುಗಿಸಿದ. ಎಂಜಿನ್ ಗಿರಗಿರ ಸುತ್ತಿತು, ಹತ್ತಿಕೊಳ್ಳಲಿಲ್ಲ. ಡಬ್ಬಿಯ ಮುಚ್ಚಳ ತೆಗೆದು ಟವೆಲ್ಲಿನಿಂದ ಒರೆಸಿದೆ, ಊದಿದೆ. ಮತ್ತೆ ತಿರುಗಿಸಿದ. ಇಲ್ಲ.

ಅಷ್ಟರಲ್ಲಿ ಕಲ್ಲುಗಳ ಸಂದಿಯಲ್ಲಿ ಬೆರಳಷ್ಟು ದಪ್ಪದ ಕೆಸರುನೀರು ತೆವಳಿಕೊಂಡು ಬಂತು. ಮುಂದೆ ನೊರೆ, ನೊರೆಯಲ್ಲಿ ಕಡ್ಡಿ, ಮೇಕೆ ಹಿಕ್ಕೆ.

"ನೋಡ್ಲಾ, ನಾಲೆಗೆ ನೀರು ಬುಟ್ಟವ್ರೆ" ಎಂದೆ. ನಗಿಸಲು ಆಡಿದ ಮಾತು. ನನ್ನ ತಲೆಯಲ್ಲಿ ನೀರು ಅಂದರೆ ಅದೇ. ಎಲ್ಲೋ ಒಬ್ಬ ನೀರು ಬಿಡುವ ಸೌಡಿ ತೂಬು ಎತ್ತುತ್ತಾನೆ, ಕಾಲುವೆಯಲ್ಲಿ ಮೆಲ್ಲಗೆ ಬರುತ್ತದೆ, ಬರುವಷ್ಟರಲ್ಲಿ ನಾವು ಬೀಡಿ ಸೇದಿ ಮುಗಿಸಿರುತ್ತೇವೆ.

ಜಯಮ್ಮ ಚಪ್ಪಲಿ ಬಿಟ್ಟು ಸೀರೆ ಎತ್ತಿಕಟ್ಟಿ ಓಡಿ ಬರುತ್ತಿದ್ದಳು.

"ಅಳ್ಳ ಬತ್ತಾದೆ! ಮ್ಯಾಕ್ಕೆ ಅತ್ರೀ! ಗಾಡಿ ಬುಟ್ಟು ಮ್ಯಾಕ್ಕತ್ರೀ!"

"ಯಾಕಮ್ಮಿ ಅಂಗ್ ಬಡ್ಕೊತೀಯೆ..."

"ಮಣ್ ವಾಸ್ನೆ ಬತ್ತಾ ಇಲ್ವಾ ನಿಮ್ಗೆ? ಸದ್ದು ಕೇಳೀ!"

ಆಗ ಕೇಳಿತು. ತಿರುವಿನ ಆಚೆಯಿಂದ ಲಾರಿಗಟ್ಟಲೆ ಜಲ್ಲಿ ಸುರಿಯುವಂಥ ಸದ್ದು. ಹಸಿ ಮಣ್ಣಿನ ವಾಸನೆಯೂ ಮೂಗಿಗೆ ಬಡಿಯಿತು. ಅವಳು ನನ್ನ ರಟ್ಟೆ ಹಿಡಿದು ಎಳೆದಳು. ಇಬ್ಬರೂ ದಡದ ದಿಬ್ಬದ ಮೇಲೆ ಬಿದ್ದೆವು. ತಿರುಗಿ ನೋಡಿದರೆ ಪುಟ್ಟರಾಜು ಗಾಡಿಯೊಳಗೇ ಇದ್ದಾನೆ.

ಅವನು ಎಂಜಿನ್ನಿನ ಆಸೆ ಬಿಟ್ಟು, ಒಂದನೇ ಗೇರಿಗೆ ಹಾಕಿ ಕೀ ತಿರುಗಿಸಿ ಹಿಡಿದಿದ್ದ. ಬ್ಯಾಟರಿಯ ಬಲದಿಂದಲೇ ಗಾಡಿ ಕುಕ್ಕಿ ಕುಕ್ಕಿ ಒಂದೊಂದು ಅಡಿ ಮುಂದೆ ಬರುತ್ತದೆ. ಆ ಉಪಾಯ ಕಲಿಸಿದವನು ನಾನೇ. ದಿಬ್ಬಕ್ಕೆ ಹತ್ತು ಮಾರು ಇತ್ತು. ನಾಲ್ಕು ಮಾರು ಬಂತು. ಐದು ಬಂತು. ಕೆಂಪು ನೀರು ತಿರುವಿನಲ್ಲಿ ಕಾಣಿಸಿಕೊಂಡು ನೋಡನೋಡುತ್ತಾ ಚಕ್ರದ ಅರ್ಧಕ್ಕೆ ಏರಿತು. ನೀರಿನೊಳಗೆ ಕಲ್ಲುಗಳು ಒಂದಕ್ಕೊಂದು ಢಿಕ್ಕಿ ಹೊಡೆಯುವುದು ಕೇಳುತ್ತಿತ್ತು. ಬ್ಯಾಟರಿ ಸೋತು ಗಾಡಿ ನಿಂತಿತು.

"ಬಾರ್ಲಾ! ಬುಟ್ಟು ಬಾರ್ಲಾ!" ಎಂದು ನಾನು ಕಿರುಚಿದೆ.

"ಗಾಡಿ ಓದ್ರೆ ಎಲ್ಲಾ ಓಯ್ತು ಭಾವ! ಇನ್ನೊಂದ್ ಸಲ ನೋಡ್ತೀನಿ!"

ನಾನು ನಿಂತಲ್ಲೇ ನಿಂತಿದ್ದೆ. ನೀರಿಗೆ ಇಳಿಯಲಿಲ್ಲ, ಇದನ್ನು ಮುಚ್ಚಿಟ್ಟು ಏನು ಮಾಡಲಿ? ಇಳಿದದ್ದು ಜಯಮ್ಮ. ತೊಡೆಮಟ್ಟದ ನೀರಿನಲ್ಲಿ ಗಾಡಿಯ ಹಿಡಿ ಹಿಡಿದು ನಿಂತಳು. ಅವನನ್ನು ಬೈಯಲಿಲ್ಲ, ಅಳಲೂ ಇಲ್ಲ.

"ಕದ ತಗೀಲಾ, ಪುಟ್ಟ. ನಾನೂ ಕುಂತ್ಕತೀನಿ. ಓದ್ರೆ ಇಬ್ರೂ ಓಗುವ."

ಅವನು ಅಕ್ಕನ ಮುಖ ನೋಡಿದ. ಕೀ ಬಿಟ್ಟು ಇಳಿದ. ಇಬ್ಬರೂ ಕೈ ಹಿಡಿದು ಬೀಳುತ್ತಾ ಏಳುತ್ತಾ ಬಂದರು. ಆಗ ಮಾತ್ರ ನಾನು ಮುಂದೆ ಹೋಗಿ ಕೈ ಚಾಚಿದೆ. ಅವರು ದಿಬ್ಬ ಹತ್ತಿ ಕೂರುವಷ್ಟರಲ್ಲಿ ಗಾಡಿ ಒಂದು ಸಲ ಅಲ್ಲಾಡಿತು, ಅಡ್ಡ ತಿರುಗಿತು, ಮಗ್ಗುಲಾಗಿ ತೇಲಿಕೊಂಡು ಹೋಗಿ ಕೆಳಗಿನ ಬಂಡೆಗೆ ಬಡಿಯಿತು. ನಾವು ತೊಳೆದ ಪಕ್ಕೆ ಮೇಲಿತ್ತು, ಬೆಳ್ಳಗೆ.

ದಿಬ್ಬ

ಆಚೆ ದಡದಲ್ಲಿ ಸಾಲಿಂ ಗಾಡಿ ಬಂದು ನಿಂತಿತು. ಮೇಲೆ ಮಳೆಯಾಗಿದೆ ಅಂತ ಊರಿನಲ್ಲಿ ಕೇಳಿ ಹಿಂದಕ್ಕೆ ಓಡಿಸಿಕೊಂಡು ಬಂದಿದ್ದರು. ನಡುವೆ ನೀರು. ಅವರು ಅಲ್ಲಿಂದಲೇ ಬೆರಳು ಮಡಚಿ ನಮ್ಮನ್ನು ಎಣಿಸಿದರು. ಒಂದು, ಎರಡು, ಮೂರು. ಆಮೇಲೆ ಎರಡೂ ಕೈ ಮೇಲೆತ್ತಿದರು.

ಬಂದಷ್ಟೇ ಬೇಗ ನೀರು ಇಳಿಯಿತು. ಬಿಸಿಲು ತಗ್ಗುವಷ್ಟರಲ್ಲಿ ಅವರು ದಾಟಿ ಬಂದು, ನಡುಗುತ್ತಿದ್ದ ಜಯಮ್ಮನಿಗೆ ಕಂಬಳಿ ಹೊದೆಸಿದರು, ನನ್ನ ಕೈಗೆ ಕಾಫಿ ಬಟ್ಟಲು ಕೊಟ್ಟರು. ನಿಲ್ಲಿಸಬೇಡಿ ಅಂದಿರಲಿಲ್ಲವೇ ಅಂತ ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ಜಗಳಕ್ಕಾದರೂ ನಿಲ್ಲುತ್ತಿದ್ದೆ. ಪುಟ್ಟರಾಜು ಕೆಳಗೆ ಹೋಗಿ ಬಂಡೆಗೆ ಒರಗಿದ್ದ ಗಾಡಿಯ ಒಡೆದ ಗಾಜಿನೊಳಗಿಂದ ಕೈ ಹಾಕಿ ಕೀ ತೆಗೆದುಕೊಂಡು ಬಂದ. ಯಾಕೋ ಗೊತ್ತಿಲ್ಲ.

ಶನಿವಾರ, ಆಫೀಸು

ರಾತ್ರಿಯೆಲ್ಲ ಒಂದೇ ವಾಕ್ಯವನ್ನು ಹಿಂದಿಯಲ್ಲಿ ಕಟ್ಟಿಕೊಂಡಿದ್ದೆ. ಗಾಡಿ ಓಡಿಸಿದ್ದು ನಾನು, ನಿಲ್ಲಿಸಿದ್ದು ನಾನು, ನೀರು ಹುಯ್ದದ್ದೂ ನಾನು. ಬೆಳಿಗ್ಗೆ ಆಫೀಸಿನ ಮೆಟ್ಟಿಲ ಮೇಲೆ ಪುಟ್ಟರಾಜು ನನ್ನ ಕೈ ಹಿಡಿದು ನಿಲ್ಲಿಸಿದ.

"ಭಾವ, ನೀವ್ ಬಾಯ್ ಬುಡ್ಬ್ಯಾಡಿ. ನಿಮ್ ತಾವ ಈ ದೇಸದ ಲೈಸೆನ್ಸ್ ಇಲ್ಲ. ನೀವ್ ಓಡಿಸ್ದ್ರಿ ಅಂತ ಗೊತ್ತಾದ್ರೆ ಒಳೀಕ್ ಆಕ್ತಾರೆ. ಅಕ್ಕನ್ನ ನಾನ್ ಏನ್ ಮಾಡ್ಲಿ?"

"ಓಗ್ಲಿ ಬುಡ್ಲಾ. ನಾನ್ ಯೋಳ್ತೀನಿ" ಎಂದೆ. ಹೇಳುತ್ತೇನೆ ಅಂತಲೇ ಒಳಗೆ ಹೋದೆ.

ಮ್ಯಾನೇಜರು ನಮ್ಮ ದೇಶದವರೇ, ಉತ್ತರದ ಕಡೆಯವರು. ಕೂಗಾಡಲಿಲ್ಲ. ಪುಟ್ಟರಾಜು ಮೇಜಿನ ಮೇಲೆ ಕೀ ಇಟ್ಟ. ಅವರು ಅದನ್ನು ಮುಟ್ಟದೆ, ಯಾರು ಓಡಿಸುತ್ತಿದ್ದದ್ದು ಎಂದು ಕೇಳಿದರು. ವಾಕ್ಯ ನನ್ನ ನಾಲಿಗೆಯ ಮೇಲೇ ಇತ್ತು. ಜೈಲು ಅನ್ನುವ ಮಾತು ಅದಕ್ಕೆ ಅಡ್ಡ ನಿಂತಿತು.

"ನಾನೇ ಸಾರ್" ಎಂದ ಪುಟ್ಟರಾಜು.

ಯಾಕೆ ವಾದಿಯಲ್ಲಿ ನಿಲ್ಲಿಸಿದೆ, ಐದು ವರ್ಷದಿಂದ ಇಲ್ಲಿದ್ದೀಯ, ನಿನಗೆ ಗೊತ್ತಿರಲಿಲ್ಲವೇ ಎಂದು ಕೇಳಿದರು. ತಪ್ಪಾಯಿತು ಎಂದ. ಮ್ಯಾನೇಜರು, ನಿನ್ನಿಂದ ಇದನ್ನು ನಾನು ನಿರೀಕ್ಷಿಸಿರಲಿಲ್ಲ ಎಂದರು. ಆಮೇಲೆ ಫೈಲು ತೆರೆದು ಅವನ ಅರ್ಜಿ ತೆಗೆದರು. ಅದಕ್ಕೆ ಸುಧಾಳ ಫೋಟೋ, ಮಗುವಿನ ಫೋಟೋ ಪಿನ್ನು ಹಾಕಿತ್ತು. ಪಿನ್ನು ಬಿಚ್ಚಿ ಎರಡೂ ಫೋಟೋಗಳನ್ನು ಅವನ ಮುಂದಕ್ಕೆ ಸರಿಸಿದರು. ಅವನು ಅವನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಈ ತಿಂಗಳ ಕೊನೆಯವರೆಗೆ ಕೆಲಸ, ಆಮೇಲೆ ಊರಿಗೆ ಹೊರಡು ಎಂದರು.

ನಾನು ಮೂಲೆಯ ಕುರ್ಚಿಯಲ್ಲಿ ಟೋಪಿ ಕೈಯಲ್ಲಿ ಹಿಡಿದು ಕೂತಿದ್ದೆ. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಹೊರಗೆ ಬಂದ ಮೇಲೆ ಪುಟ್ಟರಾಜು, "ಬನ್ನಿ ಭಾವ, ಟೀ ಕುಡಿಯುವ" ಎಂದ. ಕುಡಿದೆ. ಜಯಮ್ಮ ರೂಮಿನ ಬಾಗಿಲಲ್ಲೇ ನಿಂತಿದ್ದಳು. ನಮ್ಮಿಬ್ಬರ ಮುಖ ನೋಡಿ ನನ್ನನ್ನು, "ಯೋಳುದ್ರಾ?" ಎಂದು ಕೇಳಿದಳು. ನಾನು ಚಪ್ಪಲಿ ಬಿಚ್ಚುತ್ತಾ ಕೂತೆ. ಅವಳು ಇನ್ನೊಂದು ಸಲ ಕೇಳಲಿಲ್ಲ. ಇವತ್ತಿಗೂ ಕೇಳಿಲ್ಲ.

ಸಿಂಧಘಟ್ಟ

ಪುಟ್ಟರಾಜು ಈಗ ಕಿಕ್ಕೇರಿಯಲ್ಲಿ ಒಂದು ಸಣ್ಣ ಗ್ಯಾರೇಜು ಇಟ್ಟಿದ್ದಾನೆ. ಸಂಜೆ ಸಿಂಧಘಟ್ಟದ ಮಾವನ ಮನೆಗೆ ಬರುತ್ತಾನೆ. ಮೊದಲ ತಿಂಗಳು ಮಗಳು ಅವನನ್ನು ಕಂಡರೆ ಅಜ್ಜಿಯ ಹಿಂದೆ ಓಡುತ್ತಿದ್ದಳು. ಈಗ ಸೈಕಲ್ ಸದ್ದಿಗೇ ಬಾಗಿಲಿಗೆ ಬರುತ್ತಾಳೆ. ಒಂದು ಸಲ ಅದನ್ನು ತೋರಿಸಿ ಅವನು, "ಬಂದಿದ್ದೇ ಒಳ್ಳೇದಾಯ್ತು ಕಣ್ ಭಾವ" ಎಂದ. ನನ್ನನ್ನು ಸಮಾಧಾನ ಮಾಡಲು ಅಂದನೋ ನಿಜವಾಗಿ ಅಂದನೋ, ನನಗೆ ಗೊತ್ತಾಗಲಿಲ್ಲ. ಫೋರ್‌ಮನ್ ಆಗಬೇಕಾದವನು ಪಂಪ್‌ಸೆಟ್ಟು, ಹಳೇ ಮೊಪೆಡ್ಡು ಬಿಚ್ಚುತ್ತಾ ಕೂತಿದ್ದಾನೆ ಅನ್ನುವುದಷ್ಟೇ ಗೊತ್ತು.

ಯಾಕಪ್ಪಾ ಅಷ್ಟು ಒಳ್ಳೇ ಕೆಲಸ ಬಿಟ್ಟು ಬಂದೆ ಎಂದು ಊರಿನವರು ನನ್ನೆದುರಿಗೇ ಅವನನ್ನು ಕೇಳಿದ್ದಾರೆ. "ಬಿಸ್ಲು ಒಗ್ನಿಲ್ಲ" ಎನ್ನುತ್ತಾನೆ. ಅವರು ನನ್ನ ಕಡೆ ತಿರುಗುತ್ತಾರೆ, ನಾನು ಔದು, ಬಾಳ ಬಿಸಿಲು ಎಂದು ತಲೆಯಾಡಿಸುತ್ತೇನೆ. ಅವನ ಮಾವ ಮಾತ್ರ ತಲೆಯಾಡಿಸುವುದಿಲ್ಲ. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ಕೈಲಾಗದ ಸೋಮಾರಿ ಎಂದು ಜನರ ಮುಂದೆಯೇ ಅಳಿಯನನ್ನು ಹಂಗಿಸುತ್ತಾರೆ. ಅವನು ತಲೆ ತಗ್ಗಿಸಿ ಊಟ ಮಾಡುತ್ತಾನೆ, ಆಗ ನನ್ನ ಎಲೆಯಲ್ಲಿ ಏನಿದೆ ಎಂದು ನನಗೆ ಕಾಣುವುದಿಲ್ಲ.

ಕೆ.ಆರ್. ಪೇಟೆ, ಸಿಂಧಘಟ್ಟದ ಕಡೆಯವರು ಇದನ್ನು ಓದಿದರೆ ಅವನ ಮಾವನಿಗೆ ಓದಿ ಹೇಳಿ. ನಿಜವೇ ಅಂತ ಪುಟ್ಟರಾಜುವನ್ನು ಮಾತ್ರ ಕೇಳಬೇಡಿ. ನಮ್ಮ ಭಾವ ಸುಮ್ನೆ ಬರ್ದವ್ರೆ, ಗಾಡಿ ಓಡಿಸ್ತಿದ್ದದ್ದು ನಾನೇ ಅನ್ನುತ್ತಾನೆ.